ಹೈ ಸ್ಪೀಡ್ ಮೋಟಾರ್‌ನ ಕೋರ್ ಅತಿಯಾಗಿ ಕಾಯುತ್ತಿದೆಯಾ? ಸ್ಟೀಲ್ ಬದಲಿಸುವ ಮುಂಚೆ ದೋಷ ಹುಡುಕುವ ಬಗೆ

ಲೋಡ್ ಏನೂ ಇಲ್ಲ. ಮೋಟಾರ್ ಸುಮ್ನೆ ತಿರುಗುತ್ತಿದೆ. ಆದರೂ ಸ್ವಲ್ಪ ಹೊತ್ತಿಗೆಲ್ಲ ಸ್ಟೇಟರ್, ಅಂದರೆ ತಿರುಗದೆ ನಿಂತಿರುವ ಹೊರಭಾಗ, ಕೈ ಇಡಲಾಗದಷ್ಟು ಕಾಯುತ್ತದೆ. ಸ್ಪೀಡ್ ಅರ್ಧಕ್ಕೆ ಇಳಿಸಿದರೆ ಸಮಸ್ಯೆ ಬಹುತೇಕ ಮಾಯ. ಸ್ಟೇಟರ್‌ನ ಕೋರ್ ಅಂದರೆ ತೆಳು ಸ್ಟೀಲ್ ಹಾಳೆಗಳನ್ನು (ಲ್ಯಾಮಿನೇಷನ್) ಪೇರಿಸಿ ಮಾಡಿದ, ಮ್ಯಾಗ್ನೆಟಿಕ್ ಫ್ಲಕ್ಸ್ ಹರಿಯುವ ಭಾಗ. ಇಂಥ ಮೋಟಾರ್ ಮುಂದೆ ನಿಂತವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಕೋರ್ ಸ್ಟೀಲ್ ಸರಿಯಿಲ್ಲ, ಇನ್ನೂ ತೆಳುವಾದ ಹಾಳೆ ಹಾಕೋಣ."

ಆ ಮಾತು ಕೆಲವು ಸಲ ನಿಜ. ಆದರೆ ದೋಷ ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು ಲೋಹದ ಬರ್‌ನಲ್ಲೋ, ವೆಲ್ಡಿಂಗ್‌ನಲ್ಲೋ, ಫ್ರೇಮಿನ ಬಿಗಿತದಲ್ಲೋ ಇದ್ದರೆ, ದುಬಾರಿ ತೆಳು ಸ್ಟೀಲ್ ತಂದು ಹಾಕಿದ ಮೇಲೂ ಅದೇ ಬಿಸಿ ಮತ್ತೆ ಕಾಣಿಸುತ್ತದೆ. ಹಾಳೆ ತೆಳುವಾದಷ್ಟೂ ಇಂಥ ದೋಷಗಳು ಜಾಸ್ತಿಯೇ ಆಗುತ್ತವೆ, ಏಕೆಂದರೆ ಹಾಳೆಗಳ ಸಂಖ್ಯೆ ಹೆಚ್ಚುತ್ತದೆ, ಕತ್ತರಿಸುವುದು ಕಷ್ಟವಾಗುತ್ತದೆ. ಹಾಗಾಗಿ ಮೊದಲು ನಷ್ಟ, ಅಂದರೆ ಶಾಖವಾಗಿ ಹೋಗುವ ಪವರ್, ಯಾವ ಬಗೆಯದು ಅಂತ ಬೇರ್ಪಡಿಸಿ ನೋಡಬೇಕು. ಸ್ಟೀಲಿನ ಮಾತು ಆಮೇಲೆ.

ಮೊದಲು ಫ್ರೀಕ್ವೆನ್ಸಿ ಲೆಕ್ಕ ಹಾಕಿ

ಕೋರ್‌ಗೆ ಆರ್‌ಪಿಎಂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಲೆಕ್ಟ್ರಿಕಲ್ ಫ್ರೀಕ್ವೆನ್ಸಿ ಮಾತ್ರ. ಪೋಲ್ ಜೋಡಿಗಳ ಸಂಖ್ಯೆಯನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿ. 8 ಪೋಲ್ ಮೋಟಾರ್ 15,000 ಆರ್‌ಪಿಎಂನಲ್ಲಿ ತಿರುಗಿದರೆ 4 × 15,000 ÷ 60, ಅಂದರೆ 1000 ಹರ್ಟ್ಝ್. 4 ಪೋಲ್ ಮೋಟಾರ್ 60,000 ಆರ್‌ಪಿಎಂನಲ್ಲಿ 2000 ಹರ್ಟ್ಝ್.

ಈಗ ಬಳಸಿರುವ ಸ್ಟೀಲಿನ ಹೆಸರು ನೋಡಿ. ಎಂ270-35ಎ ಅಂತ ಇದ್ದರೆ ಅದರ ಅರ್ಥ: ಹಾಳೆ ದಪ್ಪ 0.35 ಮಿಮೀ, 50 ಹರ್ಟ್ಝ್ ಮತ್ತು 1.5 ಟೆಸ್ಲಾದಲ್ಲಿ (ಫ್ಲಕ್ಸ್ ಎಷ್ಟು ಒತ್ತಾಗಿದೆ ಅನ್ನುವ ಅಳತೆ) ನಷ್ಟ ಕೆಜಿಗೆ 2.70 ವಾಟ್ ಮೀರುವುದಿಲ್ಲ. ನಿಮ್ಮ ಮೋಟಾರ್ ಓಡುವುದು 1000 ಹರ್ಟ್ಝ್‌ನಲ್ಲಿ. 50 ಹರ್ಟ್ಝ್ ಅಂಕಿ ನೋಡಿ 1000 ಹರ್ಟ್ಝ್ ನಷ್ಟ ಊಹಿಸಲು ಆಗುವುದಿಲ್ಲ. ಎರಡು ಸ್ಟೀಲ್‌ಗಳಲ್ಲಿ 50 ಹರ್ಟ್ಝ್‌ಗೆ ಒಳ್ಳೆಯದಾಗಿ ಕಂಡದ್ದು 1000 ಹರ್ಟ್ಝ್‌ನಲ್ಲಿ ಕೆಟ್ಟದ್ದಾಗಿರಬಹುದು. ಸ್ಟೀಲ್ ಕೊಡುವವರಿಂದ 400 ಹರ್ಟ್ಝ್, 1000 ಹರ್ಟ್ಝ್ ಅಂಕಿಗಳನ್ನು ಕೇಳಿ ಪಡೆಯಿರಿ. ಮುಂದಿನ ಎಲ್ಲ ಹೋಲಿಕೆಗೂ ಅದೇ ಬೇಕು.

ಬಿಸಿ ನಿಜಕ್ಕೂ ಕೋರ್‌ನದ್ದೇನಾ?

ಕೋರ್ ಬಿಸಿಯಾಗಿದೆ ಅಂದ ಮಾತ್ರಕ್ಕೆ ಆ ಶಾಖ ಕೋರ್‌ನಲ್ಲೇ ಹುಟ್ಟಿದೆ ಅಂತಲ್ಲ. ವೈಂಡಿಂಗ್‌ನ ತಾಮ್ರ ಕೋರ್‌ನ ತೋಡುಗಳಾದ ಸ್ಲಾಟ್‌ನೊಳಗೇ ಕೂತಿದೆ, ಅದರ ಶಾಖ ಸ್ಲಾಟ್‌ಗಳ ನಡುವಿನ ಹಲ್ಲುಗಳ ಮೂಲಕವೇ ಹೊರಗೆ ಬರಬೇಕು. 1000 ಹರ್ಟ್ಝ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಹೆಚ್ಚಾಗಿ ಹರಿಯುವ ಮೇಲ್ಪದರದ ಆಳ) ಸುಮಾರು 2.1 ಮಿಮೀ. ಅದಕ್ಕಿಂತ ತೆಳುವಾದ ತಂತಿಯಲ್ಲೂ ಪಕ್ಕದ ತಂತಿಗಳ ಮತ್ತು ಸ್ಲಾಟ್ ಬಾಯಿಯ ಫ್ಲಕ್ಸ್ ನಷ್ಟ ಹುಟ್ಟಿಸುತ್ತದೆ. ಗಾಳಿಯ ಘರ್ಷಣೆ ಬೇರೆ ಇದೆ. ಅದು ಹೆಚ್ಚುಕಡಿಮೆ ಸ್ಪೀಡಿನ ಘನಕ್ಕೆ ತಕ್ಕಂತೆ ಏರುತ್ತದೆ. ಬೇರಿಂಗ್ ಇದೆ. ಮೋಟಾರ್‌ಗೆ ಬೇಕಾದ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಕೊಡುವ ಇನ್ವರ್ಟರ್ ಇದೆ.

ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಆದರೆ ಇವನ್ನು ಬೇರ್ಪಡಿಸಲು ಮೂರು ಓಟ ಸಾಕು.

ಮೊದಲನೆಯದು, ಇನ್ವರ್ಟರ್‌ನಿಂದಲೇ ಲೋಡ್ ಇಲ್ಲದೆ ಪೂರ್ಣ ಸ್ಪೀಡಿಗೆ ಓಡಿಸಿ ಇನ್‌ಪುಟ್ ಪವರ್ ಅಳೆಯಿರಿ. ಎರಡನೆಯದು, ಅದೇ ಸ್ಪೀಡಿಗೆ ಒಯ್ದು ಇನ್ವರ್ಟರ್ ಬಿಡಿಸಿ, ಮೋಟಾರ್ ತಾನಾಗಿ ನಿಧಾನವಾಗಲು ಬಿಡಿ. ಮೂರನೆಯದು, ಅದೇ ಅಳತೆಯ, ಅದೇ ತೂಕದ, ಮ್ಯಾಗ್ನೆಟೈಸ್ ಮಾಡದ ರೋಟರ್ (ತಿರುಗುವ ಭಾಗ) ಹಾಕಿ ಹಾಗೆಯೇ ನಿಧಾನವಾಗಲು ಬಿಡಿ. ಈ ರೋಟರನ್ನು ತಿರುಗಿಸಲು ಹೊರಗಿನ ಇನ್ನೊಂದು ಡ್ರೈವ್ ಬೇಕು, ಸ್ಪೀಡ್ ಮುಟ್ಟಿದ ಮೇಲೆ ಅದನ್ನು ಕಳಚಿಕೊಳ್ಳುವ ಏರ್ಪಾಡೂ ಬೇಕು.

ನಿಧಾನವಾಗುವ ಓಟದಿಂದ ನಷ್ಟ ತೆಗೆಯುವ ಲೆಕ್ಕ ಸುಲಭ: ಜಡತ್ವ × ಕೋನೀಯ ವೇಗ × ವೇಗ ಇಳಿಯುವ ದರ. ರೋಟರ್‌ನ ಜಡತ್ವ 0.0005 ಕೆಜಿ·ಮೀ² ಇದೆ, ಸ್ಪೀಡ್ 15,500ರಿಂದ 14,500ಕ್ಕೆ ಇಳಿಯಲು 0.25 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. 15,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 1571 ರೇಡಿಯನ್. ನಷ್ಟ ಸುಮಾರು 330 ವಾಟ್.

ಎರಡನೇ ಓಟದಿಂದ ಮೂರನೆಯದನ್ನು ಕಳೆದರೆ ಮ್ಯಾಗ್ನೆಟ್ ಫ್ಲಕ್ಸ್‌ನಿಂದ ಆಗುವ ನಷ್ಟ ಸಿಗುತ್ತದೆ. ಅದರ ದೊಡ್ಡ ಪಾಲು ಕೋರ್‌ನದ್ದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಇನ್ವರ್ಟರ್‌ನ ಪಾಲು ಮತ್ತು ನೋ-ಲೋಡ್ ಕರೆಂಟಿನ ತಾಮ್ರ ನಷ್ಟ ಸಿಗುತ್ತದೆ.

ಇಲ್ಲಿ ಎರಡು ಕಡೆ ಜನ ಜಾರುತ್ತಾರೆ. ಇನ್ವರ್ಟರ್‌ಗೆ ಸ್ಟಾಪ್ ಕೊಟ್ಟರೆ ಸಾಲದು, ಕಾಂಟ್ಯಾಕ್ಟರ್‌ನಿಂದ ಪೂರ್ತಿ ಬೇರೆ ಮಾಡಬೇಕು. ಮೋಟಾರ್‌ನ ಬ್ಯಾಕ್ ಇಎಂಎಫ್ (ತಿರುಗುವಾಗ ತಾನೇ ಹುಟ್ಟಿಸುವ ವೋಲ್ಟೇಜ್) ಇನ್ವರ್ಟರ್ ಒಳಗಿನ ಡಿಸಿ ಬಸ್‌ಗಿಂತ ಮೇಲೆ ಹೋದರೆ ಇನ್ವರ್ಟರ್‌ನ ಡಯೋಡ್‌ಗಳು ಕರೆಂಟ್ ಎಳೆಯುತ್ತವೆ, ನಿಮ್ಮ ಲೆಕ್ಕ ಕೆಡುತ್ತದೆ. ಇನ್ನೊಂದು, ವೈಂಡಿಂಗ್ ಡೆಲ್ಟಾ ಆಗಿದ್ದರೆ ಒಂದು ಮೂಲೆ ಬಿಚ್ಚಿ. ಇಲ್ಲದಿದ್ದರೆ ಮೂರನೇ ಹಾರ್ಮೋನಿಕ್ ಒಳಗೊಳಗೇ ಸುತ್ತುತ್ತದೆ, ಆ ತಾಮ್ರ ನಷ್ಟವನ್ನು ನೀವು ಕೋರ್ ಖಾತೆಗೆ ಬರೆದುಬಿಡುತ್ತೀರಿ. ಪ್ಯಾರಲಲ್ ಪಾತ್‌ಗಳಿದ್ದರೂ ಅದೇ ಎಚ್ಚರ. ಹಾಗೇ, ಓಪನ್ ಟರ್ಮಿನಲ್‌ಗಳ ಮೇಲೆ ಆ ಸ್ಪೀಡಿನಲ್ಲಿ ಪೂರ್ಣ ವೋಲ್ಟೇಜ್ ಇರುತ್ತದೆ. ಮುಚ್ಚಿಡಿ. ರೋಟರ್‌ಗೆ ಗಟ್ಟಿ ಗಾರ್ಡ್ ಇಲ್ಲದೆ ಈ ಪರೀಕ್ಷೆ ಬೇಡವೇ ಬೇಡ.

ಇನ್ವರ್ಟರ್ ಪಾಲು ದೊಡ್ಡದಾಗಿದ್ದರೆ

ಇದನ್ನು ಬೇಗ ತೀರ್ಮಾನಿಸಬಹುದು. ಸ್ಪೀಡ್ ಹಾಗೇ ಇಟ್ಟು ಸ್ವಿಚಿಂಗ್ ಫ್ರೀಕ್ವೆನ್ಸಿ (ಇನ್ವರ್ಟರ್ ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗುತ್ತದೆ ಅನ್ನುವುದು) ಮಾತ್ರ ಏರಿಸಿ. ಮೋಟಾರ್ ತಣ್ಣಗಾದರೆ ತಪ್ಪು ಸ್ಟೀಲಿನದ್ದಲ್ಲ. 1000 ಹರ್ಟ್ಝ್ ಮೋಟಾರನ್ನು 10 ಕಿಲೋಹರ್ಟ್ಝ್ ಸ್ವಿಚಿಂಗ್‌ನಲ್ಲಿ ಓಡಿಸಿದರೆ ಒಂದು ಸೈಕಲ್‌ಗೆ ಬರೀ 10 ಪಲ್ಸ್. ಹೈ ಸ್ಪೀಡ್ ಮೋಟಾರ್‌ಗಳ ಇಂಡಕ್ಟೆನ್ಸ್ ಮೊದಲೇ ಕಡಿಮೆ, ರಿಪಲ್ ಕರೆಂಟ್ (ಮುಖ್ಯ ಅಲೆಯ ಮೇಲಿನ ಸಣ್ಣ ಏರಿಳಿತ) ದೊಡ್ಡದಾಗಿ ಬರುತ್ತದೆ. ಆ ರಿಪಲ್ ಕೋರ್‌ನಲ್ಲೂ ರೋಟರ್‌ನಲ್ಲೂ ಶಾಖವಾಗುತ್ತದೆ. ಸ್ವಿಚಿಂಗ್ ಏರಿಸಿ, ಆಗದಿದ್ದರೆ ಇನ್ವರ್ಟರ್ ಮತ್ತು ಮೋಟಾರ್ ನಡುವೆ ಫಿಲ್ಟರ್ ಹಾಕಿ. ಲ್ಯಾಮಿನೇಷನ್ ತೆಳುವಾಗಿಸಿ ಇದನ್ನು ಸರಿ ಮಾಡಲು ಹೊರಡುವುದು ದುಬಾರಿ ದಾರಿ.

ರಿಂಗ್ ಪರೀಕ್ಷೆ: ಕೋರನ್ನೇ ಕೇಳಿ

ಫ್ಲಕ್ಸ್ ನಷ್ಟವೇ ಜಾಸ್ತಿ ಅಂತ ಗೊತ್ತಾಯಿತು ಅಂದುಕೊಳ್ಳೋಣ. ಈಗ ರೋಟರ್ ಹೊರತೆಗೆದು, ಆದಷ್ಟು ವೈಂಡಿಂಗ್ ಇಲ್ಲದ ಬರೀ ಸ್ಟೇಟರ್ ಸ್ಟ್ಯಾಕ್ ತೆಗೆದುಕೊಳ್ಳಿ. ಅದನ್ನು ಒಂದು ಟೊರಾಯ್ಡ್ (ಉಂಗುರದ ಆಕಾರದ ಕೋರ್) ಅಂತ ಭಾವಿಸಿ. ಒಳಗಿನ ಬೋರ್‌ನಿಂದ ಹೊರಗಿನ ಮೈವರೆಗೆ ಇನ್ಸುಲೇಟೆಡ್ ತಂತಿ ಸುತ್ತಿ, ಪೂರ್ತಿ ಸುತ್ತಳತೆಗೆ ಸಮನಾಗಿ ಹರಡಿ. ಇದು ಎಕ್ಸೈಟೇಷನ್ ಸುತ್ತು. ಅದರ ಜೊತೆಗೇ ತೆಳು ತಂತಿಯಲ್ಲಿ ಇನ್ನೊಂದು ಸುತ್ತು, ಅದು ಸೆನ್ಸ್ ಸುತ್ತು. ಎಕ್ಸೈಟೇಷನ್‌ಗೆ ಪವರ್ ಆಂಪ್ಲಿಫೈಯರ್‌ನಿಂದ ಸೈನ್ ಅಲೆ ಕೊಡಿ. ಆಸಿಲೋಸ್ಕೋಪ್‌ನ ಒಂದು ಚಾನೆಲ್‌ನಲ್ಲಿ ಕರೆಂಟ್, ಇನ್ನೊಂದರಲ್ಲಿ ಸೆನ್ಸ್ ವೋಲ್ಟೇಜ್.

ಎಷ್ಟು ಟೆಸ್ಲಾ ಬಂತು ಅಂತ ಸೆನ್ಸ್ ವೋಲ್ಟೇಜ್ ಹೇಳುತ್ತದೆ: ಆರ್‌ಎಂಎಸ್ ವೋಲ್ಟೇಜ್ = 4.44 × ಫ್ರೀಕ್ವೆನ್ಸಿ × ಸುತ್ತು × ಟೆಸ್ಲಾ × ಯೋಕಿನ (ಹಲ್ಲುಗಳ ಹಿಂದಿನ ಉಂಗುರದ) ಅಡ್ಡಕೊಯ್ತ. ಯೋಕ್ ಆಳ, ಅಂದರೆ ಸ್ಲಾಟ್ ತಳದಿಂದ ಹೊರಮೈವರೆಗೆ, 8 ಮಿಮೀ ಇದೆ. ಸ್ಟ್ಯಾಕ್ ಉದ್ದ 50 ಮಿಮೀ. ಸ್ಟ್ಯಾಕಿಂಗ್ ಫ್ಯಾಕ್ಟರ್ (ಆ ಉದ್ದದಲ್ಲಿ ನಿಜವಾದ ಸ್ಟೀಲಿನ ಪಾಲು) 0.95. ಅಡ್ಡಕೊಯ್ತ 380 ಚದರ ಮಿಮೀ ಆಯಿತು. 20 ಸುತ್ತಿನ ಸೆನ್ಸ್ ಕಾಯಿಲ್‌ನಲ್ಲಿ 1000 ಹರ್ಟ್ಝ್, 1 ಟೆಸ್ಲಾಕ್ಕೆ ಸುಮಾರು 33.7 ವೋಲ್ಟ್ ಕಾಣಬೇಕು. ಆ ವೋಲ್ಟೇಜ್ ಬರುವವರೆಗೆ ಆಂಪ್ಲಿಫೈಯರ್ ಏರಿಸಿ. ಸೆನ್ಸ್ ಅಲೆ ಸೈನ್ ಆಗಿಯೇ ಉಳಿದಿದೆಯಾ ನೋಡಿಕೊಳ್ಳಿ. ತಲೆ ಚಪ್ಪಟೆಯಾಗಿದ್ದರೆ ಆ ಅಳತೆ ಬಿಟ್ಟುಬಿಡಿ.

ನಷ್ಟ ಅಂದರೆ ಸೆನ್ಸ್ ವೋಲ್ಟೇಜ್ ಮತ್ತು ಕರೆಂಟ್‌ಗಳ ಕ್ಷಣಕ್ಷಣದ ಗುಣಲಬ್ಧದ ಸರಾಸರಿ, ಅದನ್ನು ಸುತ್ತುಗಳ ಅನುಪಾತದಿಂದ (ಎಕ್ಸೈಟೇಷನ್ ಸುತ್ತು ÷ ಸೆನ್ಸ್ ಸುತ್ತು) ಗುಣಿಸಬೇಕು. ಹೀಗೆ ಮಾಡಿದರೆ ಎಕ್ಸೈಟೇಷನ್ ತಂತಿಯ ತಾಮ್ರ ನಷ್ಟ ಲೆಕ್ಕದೊಳಗೆ ಬರುವುದೇ ಇಲ್ಲ. ಬಂದ ವಾಟ್‌ಗಳನ್ನು ಯೋಕಿನ ತೂಕದಿಂದ ಮಾತ್ರ ಭಾಗಿಸಿ. ಈ ಪರೀಕ್ಷೆಯಲ್ಲಿ ಫ್ಲಕ್ಸ್ ಯೋಕ್‌ನಲ್ಲಷ್ಟೇ ಸುತ್ತುತ್ತದೆ, ಹಲ್ಲುಗಳಲ್ಲಿ ಹರಿಯುವುದಿಲ್ಲ. ಇಡೀ ಸ್ಟ್ಯಾಕ್ ತೂಕದಿಂದ ಭಾಗಿಸಿದರೆ ಕೆಟ್ಟ ಕೋರ್ ಕೂಡ ಒಳ್ಳೆಯದಾಗಿ ಕಾಣುತ್ತದೆ.

ಕರೆಂಟ್ ಪ್ರೋಬ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಪವರ್ ಫ್ಯಾಕ್ಟರ್ ತುಂಬಾ ಕಡಿಮೆ ಇರಬಹುದು. ಅದು 0.3 ಇದ್ದಾಗ ಎರಡು ಚಾನೆಲ್‌ಗಳ ನಡುವೆ ಬರೀ 1 ಡಿಗ್ರಿ ಫೇಸ್ ತಪ್ಪಿದರೂ ನಷ್ಟದ ಅಂಕಿ ಶೇಕಡಾ 5.5ರಷ್ಟು ತಪ್ಪುತ್ತದೆ. 1000 ಹರ್ಟ್ಝ್‌ನಲ್ಲಿ 1 ಡಿಗ್ರಿ ಅಂದರೆ 2.8 ಮೈಕ್ರೊಸೆಕೆಂಡ್ ಅಷ್ಟೇ. ಸಾಧಾರಣ ಕ್ಲಾಂಪ್ ಪ್ರೋಬ್ ಇಷ್ಟು ತಡ ಮಾಡುವುದು ಅಪರೂಪವೇನಲ್ಲ. ಇಂಡಕ್ಟೆನ್ಸ್ ಇಲ್ಲದ ಒಂದು ರೆಸಿಸ್ಟರ್ ಹಾಕಿ ಎರಡೂ ಅಲೆಗಳು ಒಂದೇ ಕ್ಷಣಕ್ಕೆ ಸೊನ್ನೆ ದಾಟುವಂತೆ ಮೊದಲೇ ಸರಿಪಡಿಸಿಕೊಳ್ಳಿ.

ಟೆಸ್ಲಾ ಒಂದೇ ಇಟ್ಟುಕೊಂಡು 50, 100, 200, 400, 700, 1000 ಹರ್ಟ್ಝ್‌ಗಳಲ್ಲಿ ಅಳೆಯಿರಿ. ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಬೇಗ ಅಳೆದು ಬೇಗ ಆರಿಸಿ. ಕೋರ್ ಕಾದರೆ ಸ್ಟೀಲಿನ ರೆಸಿಸ್ಟಿವಿಟಿ ಏರುತ್ತದೆ, ಎಡ್ಡಿ ನಷ್ಟ (ಸ್ಟೀಲಿನೊಳಗೇ ಸುತ್ತುವ ಕರೆಂಟಿನ ನಷ್ಟ) ಕಡಿಮೆಯಾದಂತೆ ಕಾಣುತ್ತದೆ.

ಗೆರೆ ಓದುವುದು

ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ಪ್ರತಿ ಅಳತೆಯಲ್ಲೂ ನಷ್ಟವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿ. ಅಡ್ಡಕ್ಕೆ ಫ್ರೀಕ್ವೆನ್ಸಿ, ಉದ್ದಕ್ಕೆ ಆ ಭಾಗಲಬ್ಧ ಇಟ್ಟು ಗ್ರಾಫ್ ಹಾಕಿ. ಹಿಸ್ಟರಿಸಿಸ್ ನಷ್ಟ (ಪ್ರತಿ ಸೈಕಲ್‌ನಲ್ಲೂ ಸ್ಟೀಲಿನ ಮ್ಯಾಗ್ನೆಟಿಸಂ ತಿರುಗಿಸಲು ಹೋಗುವ ನಷ್ಟ) ಫ್ರೀಕ್ವೆನ್ಸಿಗೆ ತಕ್ಕಂತೆ ಏರುತ್ತದೆ, ಎಡ್ಡಿ ಕರೆಂಟ್ ನಷ್ಟ ಫ್ರೀಕ್ವೆನ್ಸಿಯ ವರ್ಗಕ್ಕೆ ತಕ್ಕಂತೆ. ಹಾಗಾಗಿ ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರುತ್ತವೆ. ಆ ಗೆರೆ ಸೊನ್ನೆ ಫ್ರೀಕ್ವೆನ್ಸಿಯಲ್ಲಿ ಮುಟ್ಟುವ ಎತ್ತರ ಹಿಸ್ಟರಿಸಿಸ್. ಗೆರೆಯ ಓರೆ ಎಡ್ಡಿ. ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಸ್ವಲ್ಪ ಬಾಗಿರುತ್ತದೆ, ಅದು ಎಕ್ಸೆಸ್ ನಷ್ಟ ಅನ್ನುವ ಮೂರನೇ ಪಾಲು. ದೋಷ ಹುಡುಕುವಾಗ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಮೂರು ಕೋರ್‌ಗಳನ್ನು ಊಹಿಸಿಕೊಳ್ಳಿ. ಮೂರೂ 0.35 ಮಿಮೀ ಹಾಳೆಯವು, ಮೂರನ್ನೂ 1 ಟೆಸ್ಲಾದಲ್ಲಿ ಅಳೆದಿದ್ದೇವೆ.

ಆರೋಗ್ಯವಾಗಿರುವ ಕೋರ್: 100 ಹರ್ಟ್ಝ್‌ನಲ್ಲಿ ಕೆಜಿಗೆ 2.3 ವಾಟ್, 400ರಲ್ಲಿ 15.2, 1000ದಲ್ಲಿ 68.
ಎರಡನೇ ಕೋರ್: 100ರಲ್ಲಿ 2.7, 400ರಲ್ಲಿ 21.6, 1000ದಲ್ಲಿ 108.
ಮೂರನೇ ಕೋರ್: 100ರಲ್ಲಿ 3.5, 400ರಲ್ಲಿ 20, 1000ದಲ್ಲಿ 80.

400 ಹರ್ಟ್ಝ್ ಒಂದನ್ನೇ ನೋಡಿದರೆ ಎರಡನೆಯದೂ ಮೂರನೆಯದೂ ಹೆಚ್ಚುಕಡಿಮೆ ಒಂದೇ. ಜ್ವರ ಒಂದೇ, ಕಾಯಿಲೆ ಬೇರೆ. ಭಾಗಿಸಿ ನೋಡಿ. ಎರಡನೇ ಕೋರ್‌ನ ಅಂಕಿಗಳು 0.027, 0.054, 0.108. ಗೆರೆ ಸೊನ್ನೆಯಲ್ಲಿ 0.018ಕ್ಕೆ ಬರುತ್ತದೆ, ಆರೋಗ್ಯವಾದ ಕೋರ್‌ನಷ್ಟೇ. ಓರೆ ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಗಿದೆ. ಅಂದರೆ ಎಡ್ಡಿ ಕರೆಂಟಿಗೆ ಎಲ್ಲೋ ಹೆಚ್ಚುವರಿ ದಾರಿ ಸಿಕ್ಕಿದೆ. ಮೂರನೇ ಕೋರ್‌ನ ಓರೆ ಸರಿಯಾಗಿದೆ, ಆದರೆ ಇಡೀ ಗೆರೆ ಮೇಲಕ್ಕೆ ಎದ್ದು 0.030ರಿಂದ ಶುರುವಾಗುತ್ತದೆ. ಅಲ್ಲಿ ಸ್ಟೀಲಿಗೇ ಏನೋ ಪೆಟ್ಟಾಗಿದೆ.

ಓರೆ ಎಷ್ಟಿರಬೇಕು ಅಂತ ಅಂದಾಜು ಮಾಡಲು ಸೂತ್ರ ಇದೆ. ಒಂದು ಘನ ಮೀಟರಿಗೆ ಎಡ್ಡಿ ನಷ್ಟ = ಪೈ ವರ್ಗ × ದಪ್ಪದ ವರ್ಗ × ಟೆಸ್ಲಾದ ವರ್ಗ × ಫ್ರೀಕ್ವೆನ್ಸಿಯ ವರ್ಗ ÷ (6 × ರೆಸಿಸ್ಟಿವಿಟಿ). ಶೇಕಡಾ 3ರಷ್ಟು ಸಿಲಿಕಾನ್ ಇರುವ ಸ್ಟೀಲಿನ ರೆಸಿಸ್ಟಿವಿಟಿ ಸುಮಾರು 50 ಮೈಕ್ರೊಓಮ್-ಸೆಂಮೀ. 1 ಟೆಸ್ಲಾ, 1000 ಹರ್ಟ್ಝ್‌ಗೆ 0.35 ಮಿಮೀ ಹಾಳೆಯಲ್ಲಿ ಕೆಜಿಗೆ ಸುಮಾರು 53 ವಾಟ್ ಬರುತ್ತದೆ. 0.20 ಮಿಮೀಗೆ 17, 0.10 ಮಿಮೀಗೆ 4.3. ಅಳತೆಯ ಓರೆ ಇದಕ್ಕೆ ಹತ್ತಿರ ಇದ್ದರೆ ಹಾಳೆಗಳ ನಡುವಿನ ಇನ್ಸುಲೇಷನ್ ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳಬಹುದು.

ಓರೆ ಜಾಸ್ತಿ ಇದ್ದರೆ

ಮೊದಲು ಮೈಕ್ರೊಮೀಟರ್ ಹಿಡಿದು ಒಂದು ಹಾಳೆಯ ದಪ್ಪ ಅಳೆಯಿರಿ. ಕೇಳಿದ್ದು 0.20, ಬಂದಿದ್ದು 0.35 ಆಗಿದ್ದರೆ ಅಲ್ಲಿಗೆ ತನಿಖೆ ಮುಗಿಯಿತು. ಇದು ತೀರಾ ಸರಳ ಅನ್ನಿಸಬಹುದು, ಆದರೂ ಬಿಡಬೇಡಿ.

ದಪ್ಪ ಸರಿಯಿದ್ದರೆ ಹಾಳೆಗಳ ನಡುವೆ ಶಾರ್ಟ್ ಇದೆ. ಹಾಳೆಯ ಅಂಚನ್ನು ಉಗುರಿನಿಂದ ಸವರಿ. ಬರ್ ತಾಕುತ್ತದಾ? ಬರ್ ಹಾಳೆ ದಪ್ಪದ ಹತ್ತನೇ ಒಂದು ಪಾಲು ಮೀರಬಾರದು ಅನ್ನುವುದು ಸ್ಟ್ಯಾಂಪಿಂಗ್‌ನವರ ರೂಢಿಯ ಮಿತಿ. 0.20 ಹಾಳೆಗೆ ಅದು 20 ಮೈಕ್ರಾನ್. ಮೇಲಿನ ಕೋಟಿಂಗ್ ಸಾಮಾನ್ಯವಾಗಿ ಕೆಲವೇ ಮೈಕ್ರಾನ್ ಇರುತ್ತದೆ, ಬರ್ ಅದನ್ನು ಸುಲಭವಾಗಿ ತೂರಿ ಪಕ್ಕದ ಹಾಳೆ ಮುಟ್ಟುತ್ತದೆ.

ಆದರೆ ಒಂದು ಕಡೆ ಮಾತ್ರ ಹಾಳೆಗಳು ಮುಟ್ಟಿಕೊಂಡರೆ ದೊಡ್ಡ ಕರೆಂಟ್ ಹರಿಯುವುದಿಲ್ಲ. ಉಂಗುರ ಪೂರ್ತಿಯಾಗಲು ಇನ್ನೊಂದು ಕಡೆಯೂ ಮುಟ್ಟಬೇಕು. ಅಲ್ಲೇ ವೆಲ್ಡಿಂಗ್ ಬರುವುದು. ಸ್ಟ್ಯಾಕಿನ ಹೊರಮೈಯಲ್ಲಿ ಮೇಲಿಂದ ಕೆಳಗೆ ಎಳೆದ ವೆಲ್ಡ್ ಗೆರೆ ಎಲ್ಲ ಹಾಳೆಗಳನ್ನೂ ಒಂದು ಕಡೆ ಜೋಡಿಸಿದೆ. ಹಲ್ಲಿನ ತುದಿಯಲ್ಲಿ ಬರ್ ಇನ್ನೊಂದು ಕಡೆ ಜೋಡಿಸುತ್ತದೆ. ಈ ಎರಡರ ನಡುವೆ ಯೋಕಿನ ಪೂರ್ತಿ ಫ್ಲಕ್ಸ್ ಸಿಕ್ಕಿಬೀಳುತ್ತದೆ. ವೆಲ್ಡ್ ಒಂದೇ ಇದ್ದಾಗ ಏನೂ ಆಗದ ಕೋರ್, ಬೋರ್ ಒಳಗೆ ಗ್ರೈಂಡಿಂಗ್ ಮಾಡಿದ ಮೇಲೆ ಕೆಟ್ಟುಹೋಗುವುದು ಇದಕ್ಕೇ. ಗ್ರೈಂಡಿಂಗ್ ಹಲ್ಲಿನ ತುದಿಯ ಲೋಹವನ್ನು ಪಕ್ಕದ ಹಾಳೆಯ ಮೇಲೆ ಸವರಿಬಿಡುತ್ತದೆ. ಗಾಳಿಸಂದಿಯ ಅಳತೆ ಸರಿಮಾಡಲು ಬೋರ್ ಗ್ರೈಂಡ್ ಮಾಡುವ ಪದ್ಧತಿಯನ್ನು ಹೈ ಸ್ಪೀಡ್ ಸ್ಟೇಟರ್‌ಗಳಲ್ಲಿ ಕೈಬಿಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಜಾಗ ಹುಡುಕಲು ರಿಂಗ್ ಪರೀಕ್ಷೆಯನ್ನೇ ಸ್ವಲ್ಪ ಹೊತ್ತು ಓಡಲು ಬಿಟ್ಟು ಬೋರ್ ಒಳಗೆ ಥರ್ಮಲ್ ಕ್ಯಾಮೆರಾ ಹಿಡಿಯಿರಿ. ಈ ಪರೀಕ್ಷೆಯಲ್ಲಿ ಹಲ್ಲುಗಳಲ್ಲಿ ಫ್ಲಕ್ಸ್ ಇಲ್ಲ. ಆದ್ದರಿಂದ ಒಳ್ಳೆಯ ಕೋರ್‌ನಲ್ಲಿ ಯೋಕ್ ಬೆಚ್ಚಗಾಗಿ ಹಲ್ಲಿನ ತುದಿಗಳು ತಣ್ಣಗಿರಬೇಕು. ಯಾವುದಾದರೂ ಹಲ್ಲಿನ ತುದಿ ಕ್ಯಾಮೆರಾದಲ್ಲಿ ಬಿಸಿಯಾಗಿ ಕಂಡರೆ ಶಾರ್ಟ್ ಅಲ್ಲೇ ಇದೆ. ಹೊಳೆಯುವ ಲೋಹದ ಮೈ ಕ್ಯಾಮೆರಾಗೆ ಮೋಸ ಮಾಡುತ್ತದೆ, ಹಾಗಾಗಿ ಬೋರ್ ಒಳಗೆ ತೆಳುವಾಗಿ ಮ್ಯಾಟ್ ಪೇಂಟ್ ಹೊಡೆದುಕೊಳ್ಳಿ.

ವೈರ್ ಕಟ್ (ತಂತಿಯಿಂದ ಕಿಡಿ ಹಾರಿಸಿ ಕತ್ತರಿಸುವುದು) ಮಾಡಿದ ಪ್ರೋಟೊಟೈಪ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಇಡೀ ಸ್ಟ್ಯಾಕ್ ಒಟ್ಟಿಗೇ ಕತ್ತರಿಸುವುದರಿಂದ ಕರಗಿ ಗಟ್ಟಿಯಾದ ಪದರ ಅಂಚಿನುದ್ದಕ್ಕೂ ಹಾಳೆಗಳನ್ನು ಜೋಡಿಸಿರುತ್ತದೆ. ಹದವಾದ ಆಸಿಡ್ ಎಚಿಂಗ್ ಮಾಡಿ, ಚೆನ್ನಾಗಿ ತೊಳೆದು ಒಣಗಿಸಿ, ಮತ್ತೆ ಅಳೆಯಿರಿ. ಓರೆ ಇಳಿದರೆ ಸ್ಟೀಲ್ ನಿರಪರಾಧಿ. ಸ್ಟ್ಯಾಕ್ ಮೂಲಕ ಹಾಯುವ ಬೋಲ್ಟ್‌ಗಳಿದ್ದರೆ ಇನ್ಸುಲೇಟಿಂಗ್ ಸ್ಲೀವ್ ಇದೆಯಾ ಅಂತಲೂ ನೋಡಿ. ಹೊಸದಾಗಿ ಮಾಡಿಸುವಾಗ ವೆಲ್ಡ್ ಬದಲು ಬಾಂಡಿಂಗ್ ವಾರ್ನಿಷ್ ಇರುವ ಹಾಳೆ ಕೇಳಿ. ಅದು ಹಾಳೆಗಳನ್ನು ಅಂಟಿಸುತ್ತದೆ, ಇನ್ಸುಲೇಷನ್ನೂ ಆಗುತ್ತದೆ.

ಗೆರೆಯೇ ಮೇಲೆದ್ದಿದ್ದರೆ

ಇದು ಸಾಮಾನ್ಯವಾಗಿ ಒತ್ತಡದ ಗುರುತು. ಪಂಚಿಂಗ್ ಮಾಡಿದಾಗ ಅಂಚಿನ ಒಳಗೆ ಒಂದಷ್ಟು ದೂರದವರೆಗೆ ಸ್ಟೀಲ್ ನಜ್ಜಾಗುತ್ತದೆ, ಅಲ್ಲಿ ಪರ್ಮಿಯಬಿಲಿಟಿ (ಫ್ಲಕ್ಸ್ ಸುಲಭವಾಗಿ ಹರಿಯಲು ಬಿಡುವ ಗುಣ) ಇಳಿದು ಹಿಸ್ಟರಿಸಿಸ್ ಏರುತ್ತದೆ. ದೊಡ್ಡ ಮೋಟಾರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೈ ಸ್ಪೀಡ್ ಮೋಟಾರ್ ಚಿಕ್ಕದು, ಹಲ್ಲು 3-4 ಮಿಮೀ ಅಗಲ ಇರಬಹುದು. ಎರಡೂ ಅಂಚಿನಿಂದ ಪೆಟ್ಟು ಬಿದ್ದರೆ ಮಧ್ಯೆ ಒಳ್ಳೆಯ ಸ್ಟೀಲ್ ಉಳಿಯುವುದೇ ಸ್ವಲ್ಪ. ಲೇಸರ್ ಕತ್ತರಿಸಿದರೆ ನಜ್ಜಾಗುವುದಿಲ್ಲ, ಆದರೆ ಶಾಖದ ಒತ್ತಡ ಉಳಿಯುತ್ತದೆ.

ಇದಕ್ಕೆ ಮದ್ದು ಕತ್ತರಿಸಿದ ಮೇಲೆ ಆನೀಲಿಂಗ್, ಅಂದರೆ ಒತ್ತಡ ಹೋಗಲು ಕಾಯಿಸಿ ನಿಧಾನವಾಗಿ ತಣಿಸುವುದು. ಸಿಲಿಕಾನ್ ಸ್ಟೀಲಿಗೆ ಸಾಮಾನ್ಯವಾಗಿ 700ರಿಂದ 800 ಡಿಗ್ರಿ ಸೆಲ್ಸಿಯಸ್, ಆಕ್ಸಿಡೈಸ್ ಆಗದ ವಾತಾವರಣದಲ್ಲಿ. ಆದರೆ ಕೋಟಿಂಗ್ ಯಾವುದು ಅಂತ ಮೊದಲು ಕೇಳಿ. ಸಿ-3 ಬಗೆಯ ಆರ್ಗ್ಯಾನಿಕ್ ಕೋಟಿಂಗ್ ಈ ಶಾಖಕ್ಕೆ ಸುಟ್ಟುಹೋಗುತ್ತದೆ. ಸಿ-5 ತಡೆಯುತ್ತದೆ. ತಪ್ಪು ಕೋಟಿಂಗ್ ಮೇಲೆ ಆನೀಲಿಂಗ್ ಮಾಡಿದರೆ ಗೆರೆ ಕೆಳಗಿಳಿಯುತ್ತದೆ, ಓರೆ ಏರುತ್ತದೆ. ಗ್ರಾಫ್ ಇದ್ದರೆ ಇದು ಥಟ್ಟನೆ ಕಾಣುತ್ತದೆ, ಇಲ್ಲದಿದ್ದರೆ "ಆನೀಲಿಂಗ್‌ನಿಂದ ಪ್ರಯೋಜನವಾಗಲಿಲ್ಲ" ಅಂತ ಕೈಬಿಡುವ ಹಾಗಾಗುತ್ತದೆ.

ಇನ್ನೊಂದು ಒತ್ತಡ ಫ್ರೇಮಿನಿಂದ ಬರುತ್ತದೆ. ಬಿಸಿ ಮಾಡಿದ ಅಲ್ಯೂಮಿನಿಯಂ ಫ್ರೇಮನ್ನು ಸ್ಟ್ಯಾಕ್ ಮೇಲೆ ಇಳಿಸಿದಾಗ ಯೋಕ್ ಸುತ್ತಲೂ ಬಿಗಿಯಾಗಿ ಹಿಂಡಿದಂತಾಗುತ್ತದೆ. ಈ ಹಿಂಡುವ ಒತ್ತಡ ಕೋರ್ ನಷ್ಟವನ್ನು ಏರಿಸುತ್ತದೆ. ಫ್ರೇಮಿಗೆ ಹಾಕುವ ಮುಂಚೆ ಒಂದು ರಿಂಗ್ ಪರೀಕ್ಷೆ, ಹಾಕಿದ ಮೇಲೆ ಒಂದು. ವ್ಯತ್ಯಾಸ ಜಾಸ್ತಿ ಇದ್ದರೆ ಇಂಟರ್‌ಫಿಯರೆನ್ಸ್ (ಫ್ರೇಮಿನ ಬಿಗಿತ) ಕಡಿಮೆ ಮಾಡಿ, ಟಾರ್ಕ್ ಹಿಡಿಯಲು ಕೀ ಅಥವಾ ಅಂಟು ಬಳಸಿ.

ಎರಡೂ ಸರಿ, ಆದರೂ ಬಿಸಿ

ಈಗ ಮಾತ್ರ ಸ್ಟೀಲ್ ಬದಲಿಸುವ ಮಾತಿಗೆ ಅರ್ಥ ಇದೆ. ಕೋರ್ ತನ್ನ ಕೈಲಾದಷ್ಟು ಚೆನ್ನಾಗಿಯೇ ಇದೆ, ಆದರೆ ಈ ಫ್ರೀಕ್ವೆನ್ಸಿಗೆ ಅದು ಸಾಲದು. ಒಂದು ವಿಷಯ ನೆನಪಿರಲಿ: ನಿಜವಾದ ಮೋಟಾರ್‌ನಲ್ಲಿ ಹಲ್ಲಿನ ಬುಡದಲ್ಲಿ ಫ್ಲಕ್ಸ್ ತಿರುಗುತ್ತದೆ, ಹಾರ್ಮೋನಿಕ್‌ಗಳಿರುತ್ತವೆ. ಹಾಗಾಗಿ ಮೋಟಾರ್‌ನಲ್ಲಿ ನಷ್ಟ ಡೇಟಾಶೀಟ್ ಲೆಕ್ಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಬರುವುದು ಮಾಮೂಲಿ.

ತೆಳು ಮಾಡುವುದರ ಲಾಭ ಎಷ್ಟು ಅಂತ ಅದೇ ಗೆರೆ ಹೇಳುತ್ತದೆ. ಮೇಲಿನ ಆರೋಗ್ಯವಾದ ಕೋರ್‌ನಲ್ಲಿ 1000 ಹರ್ಟ್ಝ್‌ಗೆ ಹಿಸ್ಟರಿಸಿಸ್ 18, ಎಡ್ಡಿ 50. ಹಾಳೆ 0.20 ಮಾಡಿದರೆ ಎಡ್ಡಿ 16ಕ್ಕೆ ಇಳಿಯುತ್ತದೆ, ಒಟ್ಟು ಸುಮಾರು 34. ಅರ್ಧ ನಷ್ಟ ಹೋಯಿತು. 0.10ಕ್ಕೆ ಹೋದರೆ ಎಡ್ಡಿ 4, ಒಟ್ಟು 22. ಈ ಎರಡನೇ ಹೆಜ್ಜೆಯಲ್ಲಿ ಉಳಿಸಿದ್ದು 12 ಮಾತ್ರ. ಜೊತೆಗೆ ತೆಳು ಹಾಳೆಗಳಲ್ಲಿ ಹಿಸ್ಟರಿಸಿಸ್ ಸ್ವಲ್ಪ ಏರುವುದುಂಟು, ಸ್ಟ್ಯಾಕಿಂಗ್ ಫ್ಯಾಕ್ಟರ್ ಇಳಿಯುವುದುಂಟು. ಆದ್ದರಿಂದ 1000 ಹರ್ಟ್ಝ್‌ಗೆ ನನ್ನ ಆಯ್ಕೆ 0.20. ಅದೇ ಮೋಟಾರ್ 3000 ಹರ್ಟ್ಝ್‌ನದ್ದಾಗಿದ್ದರೆ 0.20ರಲ್ಲಿ ಒಟ್ಟು ಸುಮಾರು 200, 0.10ರಲ್ಲಿ 91. ಅಲ್ಲಿ 0.10ಕ್ಕೆ ಹೋಗಲು ಹಿಂಜರಿಯಬೇಡಿ.

ಶೇಕಡಾ 6.5 ಸಿಲಿಕಾನ್ ಇರುವ ಸ್ಟೀಲಿನ ರೆಸಿಸ್ಟಿವಿಟಿ ಸುಮಾರು 82 ಮೈಕ್ರೊಓಮ್-ಸೆಂಮೀ, ಮ್ಯಾಗ್ನೆಟೊಸ್ಟ್ರಿಕ್ಷನ್ (ಫ್ಲಕ್ಸ್‌ಗೆ ತಕ್ಕಂತೆ ಸ್ಟೀಲಿನ ಅಳತೆ ಬದಲಾಗುವುದು) ಹೆಚ್ಚುಕಡಿಮೆ ಸೊನ್ನೆ. ನಷ್ಟವೂ ಕಡಿಮೆ, ಸದ್ದೂ ಕಡಿಮೆ. ಆದರೆ ಪುಡಿಯಾಗುವ ಸ್ವಭಾವ, ಪಂಚಿಂಗ್ ಕಷ್ಟ. ಸ್ಯಾಚುರೇಷನ್ (ಸ್ಟೀಲ್ ಹೊರಬಲ್ಲ ಫ್ಲಕ್ಸಿನ ಮಿತಿ) 1.8 ಟೆಸ್ಲಾ.

ಕೋಬಾಲ್ಟ್-ಐರನ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅದನ್ನು ನಷ್ಟ ಕಡಿಮೆ ಮಾಡಲು ಹಾಕುವುದಲ್ಲ. ಅದರ ಬಲ ಸುಮಾರು 2.35 ಟೆಸ್ಲಾದ ಸ್ಯಾಚುರೇಷನ್. ತೂಕ, ಗಾತ್ರ ಕಡಿಮೆ ಆಗಲೇಬೇಕಾದ ಕಡೆ ಅದು ಬೇಕು. ಕತ್ತರಿಸಿದ ಮೇಲೆ ಆನೀಲಿಂಗ್ ಮಾಡದಿದ್ದರೆ ಅದರ ಗುಣ ಬರುವುದೇ ಇಲ್ಲ.

ಐರನ್ ಆಧಾರದ ಅಮಾರ್ಫಸ್ (ಹರಳಿನ ರಚನೆ ಇಲ್ಲದ) ರಿಬ್ಬನ್ ಸುಮಾರು 25 ಮೈಕ್ರಾನ್ ದಪ್ಪ, ಎಡ್ಡಿ ನಷ್ಟ ಅತ್ಯಲ್ಪ. ಸ್ಯಾಚುರೇಷನ್ ಸುಮಾರು 1.56 ಟೆಸ್ಲಾ. ಗಡಸು, ಕತ್ತರಿಸುವ ಉಪಕರಣ ಬೇಗ ಸವೆಯುತ್ತದೆ, ಒತ್ತಡಕ್ಕೆ ತುಂಬಾ ಸೂಕ್ಷ್ಮ. ಫ್ರೇಮಿನಲ್ಲಿ ಬಿಗಿ ಹಿಡಿದು ಕೂರಿಸುವ ಡಿಸೈನ್‌ಗೆ ಇದನ್ನು ಹಾಕಿದರೆ ಲಾಭವನ್ನೆಲ್ಲ ಫ್ರೇಮೇ ನುಂಗಬಹುದು. ಐರನ್ ಪೌಡರ್ ಒತ್ತಿ ಮಾಡುವ ಕೋರ್‌ಗಳಲ್ಲಿ ಎಡ್ಡಿ ಕಡಿಮೆ, ಹಿಸ್ಟರಿಸಿಸ್ ಜಾಸ್ತಿ, ಪರ್ಮಿಯಬಿಲಿಟಿ ಕಡಿಮೆ. ಫ್ಲಕ್ಸ್ ಮೂರು ದಿಕ್ಕಿಗೂ ಹರಿಯುವ ಆಕಾರಗಳಿಗೆ ಅದು ಸರಿ. ರೋಟರ್‌ಗೆ ಬೇಡ, ಬಲ ಸಾಲದು.

ಸ್ಟೀಲ್ ಮುಟ್ಟದೆಯೇ ಒಂದು ದಾರಿ ಇದೆ: ಪೋಲ್ ಕಡಿಮೆ ಮಾಡುವುದು. 8ರಿಂದ 4ಕ್ಕೆ ಇಳಿಸಿದರೆ ಫ್ರೀಕ್ವೆನ್ಸಿ 500 ಆಗುತ್ತದೆ, ಅದೇ 0.35 ಹಾಳೆಯಲ್ಲಿ ಕೆಜಿಗೆ 68ರ ಬದಲು 21.5. ಯೋಕ್ ಎರಡರಷ್ಟು ದಪ್ಪ ಬೇಕಾಗುತ್ತದೆ, ಕಾಯಿಲ್ ತುದಿ ಉದ್ದವಾಗುತ್ತದೆ. ಆದರೂ ಜಾಗ ಇದ್ದರೆ ಇದನ್ನು ಮೊದಲು ಲೆಕ್ಕ ಹಾಕಿ ನೋಡಿ ಅಂತಲೇ ಹೇಳುತ್ತೇನೆ.

ರೋಟರ್ ಕಡೆಗೂ ಒಂದು ಕಣ್ಣು

ಸ್ಟೇಟರ್ ಪರೀಕ್ಷೆಗಳೆಲ್ಲ ಪಾಸ್ ಆಗಿ ಮೋಟಾರ್ ಟಾರ್ಕ್ ಕಡಿಮೆ ಮಾಡುತ್ತಿದ್ದರೆ ಬ್ಯಾಕ್ ಇಎಂಎಫ್ ಅಳೆಯಿರಿ, ತಣ್ಣಗಿದ್ದಾಗ ಮತ್ತು ಓಡಿದ ತಕ್ಷಣ. ನಿಯೋಡಿಮಿಯಮ್ ಮ್ಯಾಗ್ನೆಟ್ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.11 ಫ್ಲಕ್ಸ್ ಬಿಡುತ್ತದೆ. ಶೇಕಡಾ 10 ಇಳಿದಿದ್ದರೆ ಮ್ಯಾಗ್ನೆಟ್ ಹೆಚ್ಚುಕಡಿಮೆ 90 ಡಿಗ್ರಿ ಏರಿದೆ. ತಣ್ಣಗಾದ ಮೇಲೂ ವಾಪಸ್ ಬರದಿದ್ದರೆ ಕಾಯಂ ಡೀಮ್ಯಾಗ್ನೆಟೈಸ್ ಆಗಿದೆ. ಮ್ಯಾಗ್ನೆಟ್ ಸುತ್ತ ಲೋಹದ ಸ್ಲೀವ್ ಇದ್ದರೆ ಅನುಮಾನ ಮೊದಲು ಅದರ ಮೇಲೆ.

ರೋಟರ್ ಲ್ಯಾಮಿನೇಷನ್ ಆಯ್ಕೆಯಲ್ಲಿ ನಷ್ಟಕ್ಕಿಂತ ಬಲ ಮುಖ್ಯ. ಹೊರ ಅಂಚಿನ ವೇಗ ಸೆಕೆಂಡಿಗೆ 200 ಮೀಟರ್ ಇದ್ದರೆ ತೆಳು ಉಂಗುರದಲ್ಲಿ ಒತ್ತಡ 300 ಮೆಗಾಪಾಸ್ಕಲ್ ದಾಟುತ್ತದೆ. ಮ್ಯಾಗ್ನೆಟ್ ಸ್ಲಾಟ್ ಮೂಲೆಗಳಲ್ಲಿ ಅದಕ್ಕಿಂತ ಜಾಸ್ತಿ. ಸ್ಟೇಟರ್ ಹಾಳೆ ಆನೀಲ್ ಮಾಡುವಾಗ ಅದೇ ಫರ್ನೇಸಿಗೆ ರೋಟರ್ ಹಾಳೆಗಳನ್ನೂ ಹಾಕಿಬಿಟ್ಟರೆ ಅವುಗಳ ಯೀಲ್ಡ್ ಬಲ ಇಳಿಯುತ್ತದೆ. ಡಿಸೈನ್ ಲೆಕ್ಕ ಆನೀಲ್ ಆದ ಸ್ಟೀಲಿಗೆ ಮಾಡಿಲ್ಲದಿದ್ದರೆ ಅದು ಅಪಾಯ. ಎರಡು ಟ್ರೇಗಳನ್ನು ಬೇರೆ ಬೇರೆ ಇಡಿ, ಮೇಲೆ ದೊಡ್ಡದಾಗಿ ಬರೆದಿಡಿ.

ಬದಲಿಸಿದ ಮೇಲೆ

ಹೊಸ ಸ್ಟೀಲಿನ ಮೊದಲ ಸ್ಟ್ಯಾಕ್ ಬಂದ ಕೂಡಲೇ ವೈಂಡಿಂಗ್‌ಗೆ ಕಳಿಸಬೇಡಿ. ಅದೇ ಸುತ್ತು, ಅದೇ ಟೆಸ್ಲಾ, ಅದೇ ಫ್ರೀಕ್ವೆನ್ಸಿಗಳಲ್ಲಿ ರಿಂಗ್ ಪರೀಕ್ಷೆ ಮಾಡಿ ಹಳೆಯ ಗೆರೆಯ ಪಕ್ಕದಲ್ಲಿ ಹೊಸದನ್ನು ಎಳೆಯಿರಿ. ದಪ್ಪದ ವರ್ಗಕ್ಕೆ ತಕ್ಕಂತೆ ಓರೆ ಇಳಿದಿದೆಯಾ ಅಂತ ನೋಡಿ. 0.35ರಿಂದ 0.20ಕ್ಕೆ ಹೋದಾಗ ಓರೆ ಮೂರನೇ ಒಂದಕ್ಕೆ ಬರಬೇಕು. ಅರ್ಧಕ್ಕೆ ಮಾತ್ರ ಇಳಿದಿದ್ದರೆ ಹೊಸ ಸ್ಟ್ಯಾಕ್‌ನಲ್ಲಿ ಶಾರ್ಟ್ ಇದೆ. ವೈಂಡಿಂಗ್ ಇಲ್ಲದಾಗ ಅದನ್ನು ಬಿಚ್ಚಿ ಸರಿಮಾಡಲು ಆಗುತ್ತದೆ. ವಾರ್ನಿಷ್ ಹಾಕಿ ಫ್ರೇಮಿಗೆ ಇಳಿಸಿದ ಮೇಲೆ ಆಗುವುದಿಲ್ಲ. ಸರಿಯಿದ್ದರೆ ಆ ಗ್ರಾಫನ್ನು ಡ್ರಾಯಿಂಗ್ ಜೊತೆಗೇ ಲಗತ್ತಿಸಿ, ಮುಂದಿನ ಬ್ಯಾಚ್‌ನ ಸ್ವೀಕಾರ ಪರೀಕ್ಷೆಗೆ ಅದನ್ನೇ ಮಿತಿಯಾಗಿ ಬಳಸಿ. ಡೈ ಸವೆದು ಬರ್ ಶುರುವಾದರೆ ಅದು ಮೊದಲು ಕಾಣುವುದು ಆ ಓರೆಯಲ್ಲೇ.